ಹತ್ತೊಂಬತ್ತರ ಮಗ್ಗಿ

"ಈ ಕೈಗಳನ್ನ ಎಲ್ಲಿ ಇಟ್ಕೊಳ್ಳೋದು?"

ಮದುವೆ ಗಂಡು ಇದನ್ನು ಯಾರನ್ನೂ ಕೇಳಲಿಲ್ಲ. ನನ್ನ ಸ್ಟುಡಿಯೋದ ಬೂದು ಪರದೆಯ ಮುಂದೆ ನಿಂತು, ಅಂಗೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ದೀಪದ ಕಂಬದ ಕಡೆ ಮುಖ ಮಾಡಿ ಕೇಳಿದ. ಕೈಗಳು ಮೊದಲು ಜೇಬಿಗೆ ಹೋದವು, ಅಲ್ಲಿಂದ ಬೆನ್ನ ಹಿಂದೆ ಹೋದವು, ಕೊನೆಗೆ ಹೊಟ್ಟೆಯ ಮುಂದೆ ಬಂದು ಒಂದನ್ನೊಂದು ಹಿಡಿದುಕೊಂಡು ನಿಂತವು, ತಪ್ಪು ಮಾಡಿ ಮೇಷ್ಟರ ಎದುರು ನಿಂತ ಇಬ್ಬರು ಹುಡುಗರ ಹಾಗೆ.

"ಎಲ್ಲಾದ್ರೂ ಇಡೋ. ಕಳ್ಕೊಂಡು ಮಾತ್ರ ಬರಬೇಡ," ಎಂದಳು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಅವನ ಅಕ್ಕ.

"ಹೂಂ ಅಕ್ಕ."

ಮೂವತ್ತು ವರ್ಷದಿಂದ ಗಂಡು ಹೆಣ್ಣುಗಳನ್ನು ಜೋಡಿ ನಿಲ್ಲಿಸಿ ಫೋಟೋ ತೆಗೆಯುವುದೇ ನನ್ನ ಕಸುಬು. ಈ ಬೀದಿಯಲ್ಲಿ ನನ್ನನ್ನು ಎಲ್ಲರೂ ಫೋಟೋದಮ್ಮ ಎಂದೇ ಕರೆಯುತ್ತಾರೆ. ಕೈಗಳ ಪ್ರಶ್ನೆ ನನಗೆ ಹೊಸದಲ್ಲ. ಹೆಣ್ಣಿಗಾದರೂ ಕೂದಲಿದೆ, ಕಿವಿಯ ಹಿಂದೆ ಸರಿಸುತ್ತ ನಿಲ್ಲಬಹುದು. ಗಂಡಿಗೆ ಏನೂ ಇಲ್ಲ. ಅವಳ ಕೈ ಹಿಡಿ ಎಂದರೆ ಸಂತೆಯಲ್ಲಿ ಮಗುವಿನ ಕೈ ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತಾರೆ. ಅದಕ್ಕೇ ನಾನು ಕೈ ಎನ್ನುವುದೇ ಇಲ್ಲ. ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಳ್ಳಿ ಎನ್ನುತ್ತೇನೆ. ಒಂದು ಕಾಲಿಗೆ ಮೈಭಾರ ಬಿಡಿ ಎನ್ನುತ್ತೇನೆ. ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದು ಬನ್ನಿ, ನನ್ನನ್ನು ನೋಡಬೇಡಿ ಎನ್ನುತ್ತೇನೆ.

ಇವನಿಗೆ ಎಲ್ಲ ಹೇಳಿದೆ. ಹೇಳಿದ್ದನ್ನೆಲ್ಲ ಮಾಡಿದ. ಕಿರುಬೆರಳು ಕೊಟ್ಟ, ಮೈಭಾರ ಬಿಟ್ಟ, ನಡೆದ. ಪ್ರತಿಯೊಂದಾದ ಮೇಲೂ ಸರಿಯಾಯಿತೇ ಎಂದು ಸ್ಟೂಲಿನ ಕಡೆ ನೋಡಿದ. ಅಕ್ಕ ತಲೆಯಾಡಿಸಿದ ಮೇಲೆ ಮುಂದಿನದು.

ಅವನು ಕೈಗಡಿಯಾರ ರಿಪೇರಿ ಮಾಡುವವನು, ಮೂವತ್ತನಾಲ್ಕು ವಯಸ್ಸು. ಹೆಣ್ಣು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವನಿಗಿಂತ ಮೂರು ವರ್ಷ ಚಿಕ್ಕವಳು. ಆಮಂತ್ರಣದ ಕಾರ್ಡಿನ ಮೇಲೆ ಇಬ್ಬರ ಫೋಟೋ ಅಚ್ಚಾಗಬೇಕು, ಶುಕ್ರವಾರದೊಳಗೆ ಆರಿಸಿ ಪ್ರೆಸ್ಸಿಗೆ ಕೊಡಬೇಕು ಎಂದು ಅಕ್ಕನೇ ಬಂದು ದಿನ ಗೊತ್ತು ಮಾಡಿದ್ದಳು. ಅಂದು ಸೋಮವಾರ.

"ಕೂದಲು ನೋಡು, ಕಾಗೆ ಗೂಡು ಕಟ್ಟಿದೆ," ಎಂದು ಅಕ್ಕ ತಮ್ಮನನ್ನು ಹೊರಕೋಣೆಯ ಕನ್ನಡಿಗೆ ಎಳೆದುಕೊಂಡು ಹೋದಳು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಹೆಣ್ಣು ಕಾದಿದ್ದವಳ ಹಾಗೆ ನನ್ನ ಹತ್ತಿರ ಬಂದಳು.

"ಒಂದು ಕೇಳ್ಲಾ ಮೇಡಂ? ನೀವು ಎಷ್ಟೋ ಜೋಡಿ ನೋಡಿದ್ದೀರಿ. ಇವರು ಹೂಂ ಅಂದಿದ್ದು ನನಗಾ, ಅವರ ಅಕ್ಕನಿಗಾ?"

"ಅವರನ್ನೇ ಕೇಳಬಾರದಾ?"

"ಕೇಳಿದೆ. 'ಅಕ್ಕ ಎಲ್ಲ ನೋಡ್ಕೊಂಡಿದ್ದಾಳೆ' ಅಂದ್ರು." ಅವಳು ನಗಲು ಹೋಗಿ ಅರ್ಧಕ್ಕೆ ಬಿಟ್ಟಳು. "ಡಾಕ್ಟರುಗಳ ಕೈಬರಹ ಓದ್ತೀನಿ ಮೇಡಂ ನಾನು. ಇರುವೆ ಶಾಯಿಯಲ್ಲಿ ಬಿದ್ದು ಓಡಿದ ಹಾಗಿದ್ರೂ ಓದ್ತೀನಿ. ಇವರ ಮುಖ ಓದಕ್ಕಾಗ್ತಿಲ್ಲ. ಅಕ್ಕ ಏನಂದ್ರೂ ಹೂಂ. ಆರು ತಿಂಗಳಲ್ಲಿ ಒಂದು ಸಲ ಇಲ್ಲ ಅಂದಿದ್ದು ನಾನು ಕೇಳಿಲ್ಲ. ಇಲ್ಲ ಅನ್ನಕ್ಕೇ ಬರದೋರ ಹೂಂ ಕಟ್ಕೊಂಡು ನಾನೇನು ಮಾಡ್ಲಿ?"

"ಅದಕ್ಕೆ ನಾನು..."

"ಫೋಟೋದಲ್ಲಿ ಗೊತ್ತಾಗುತ್ತಂತಲ್ಲ. ಅವರು ನನ್ನ ನೋಡ್ತಾರಾ ಅಂತ ನೋಡಿ. ಸುಮ್ನೆ ಮುಖ ತಿರುಗಿಸೋದಲ್ಲ. ನೋಡೋದು. ಶುಕ್ರವಾರ ಕಾರ್ಡು ಪ್ರೆಸ್ಸಿಗೆ ಹೋದ್ರೆ ಮುಗೀತು. ಅಷ್ಟರೊಳಗೆ ಹೇಳಿ. ಇಲ್ಲ ಅಂದ್ರೆ ನಾನೇ ಬೇಡ ಅಂತೀನಿ."

ಬಾಗಿಲು ತೆರೆಯಿತು. ಗಂಡಿನ ಕೂದಲು ನೀರಿನಲ್ಲಿ ಒದ್ದೆಯಾಗಿ ತಲೆಗೆ ಅಂಟಿಕೊಂಡಿತ್ತು. "ಈಗ ನೋಡಿ, ಕೆರೆಯಿಂದ ಎತ್ತಿದ ಹಾಗಿದ್ದಾನೆ," ಎಂದು ಅಕ್ಕ ಮೆಚ್ಚಿಕೊಂಡಳು.

ನಾನು ಅಕ್ಕನನ್ನು ಹೊರಕೋಣೆಯಲ್ಲೇ ಕೂರಿಸಿ, ನಾಲ್ಕು ಹಳೇ ಆಲ್ಬಮ್ಮುಗಳನ್ನು ತೊಡೆಯ ಮೇಲೆ ಹೇರಿ ಬಂದೆ. ಇನ್ನು ನನ್ನ ಕೊನೆಯ ಉಪಾಯ ಬಾಕಿ ಇತ್ತು.

ಅದು ನನ್ನ ಅಜ್ಜನಿಂದ ಬಂದದ್ದು. ಅಜ್ಜನಿಗೆ ಸಾವಿರಾರು ಪದ್ಯ ಬಾಯಿಗೆ ಬರುತ್ತಿದ್ದವು. ಸಂಜೆ ಕಂಬಕ್ಕೊರಗಿ ಕಣ್ಣು ಮುಚ್ಚಿ ಹೇಳುತ್ತಿದ್ದ, ನಾನು ಕೆಳಗೆ ಕುಳಿತು ಕೇಳುತ್ತಿದ್ದೆ. ಅರ್ಥವಾಗುತ್ತಿದ್ದದ್ದು ಕಡಿಮೆ, ಆದರೆ ಅವನ ಮುಖವನ್ನು ಚೆನ್ನಾಗಿ ನೋಡುತ್ತಿದ್ದೆ. ಸಾಲು ಹೇಳುವಷ್ಟು ಹೊತ್ತು ಅದು ಪದ್ಯದ ಮುಖ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವಾಗ ಮಾತ್ರ ಅಜ್ಜನ ಮುಖ. ಕ್ಯಾಮೆರಾ ಕೈಗೆ ಬಂದ ಮೇಲೆ ನಾನು ಆ ಉಸಿರಿಗೇ ಕಾಯುತ್ತೇನೆ. ಆದರೆ ಈಗಿನವರಿಗೆ ಪದ್ಯ ಎಲ್ಲಿ ಬರುತ್ತದೆ? ಅದಕ್ಕೆ ಹತ್ತೊಂಬತ್ತರ ಮಗ್ಗಿ. ಹುಡುಗಿಯ ಕಿವಿಯಲ್ಲಿ ಮೆಲ್ಲಗೆ ಹೇಳು ಎನ್ನುತ್ತೇನೆ. ಐದು ದಾಟುವ ಹೊತ್ತಿಗೆ ಎಂಥ ಗಂಡೂ ಎಡವುತ್ತಾನೆ, ಹುಡುಗಿ ಕಿಸಕ್ಕನೆ ನಗುತ್ತಾಳೆ, ಇಬ್ಬರ ಕೈಗಳೂ ತಮ್ಮಷ್ಟಕ್ಕೆ ಜಾಗ ಹುಡುಕಿಕೊಳ್ಳುತ್ತವೆ.

ದೇವರನ್ನು ನೆನೆದು ಕ್ಯಾಮೆರಾ ಎತ್ತಿದೆ.

"ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು, ಹತ್ತೊಂಬತ್ತೆರಡ್ಲೆ ಮೂವತ್ತೆಂಟು..." ಅವನು ಎದುರಿನ ಗೋಡೆ ನೋಡುತ್ತ ಹತ್ತರವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಎಲ್ಲೂ ನಿಲ್ಲಲಿಲ್ಲ. ನಾನು ಒಂದು ಸಲವೂ ಗುಂಡಿ ಒತ್ತಲಿಲ್ಲ.

"ಇಪ್ಪತ್ತರವರೆಗೂ ಬರುತ್ತೆ. ಹೇಳ್ಲಾ?" ಎಂದ.

"ಬೇಡಪ್ಪ. ಈಗ ನೀನು ಹೇಳಮ್ಮ."

ಅವಳು ಶುರು ಮಾಡಿದಳು. ಆರರವರೆಗೆ ನಡೆಯಿತು. "ಹತ್ತೊಂಬತ್ತೇಳ್ಲೆ... ನೂರಾ..." ಎಂದು ನಿಂತಳು. ನಾನು ಅವಳ ಮುಖದ ಮೇಲೇ ಕಣ್ಣಿಟ್ಟು, ಇಬ್ಬರನ್ನೂ ಸೇರಿಸಿ ಬಿಡದೆ ತೆಗೆದೆ. ಅಷ್ಟು ಒಳ್ಳೆಯ ತಡವರಿಕೆ ವರ್ಷಕ್ಕೊಮ್ಮೆ ಸಿಗುವಂಥದ್ದು. ಎಣಿಸಿದಳು, ತಪ್ಪಿದಳು, ಮತ್ತೆ ಎಣಿಸಿದಳು. ಕೊನೆಗೆ ಅವಳೇ "ನೂರಾ ಮೂವತ್ತಮೂರು!" ಎಂದು ಗೆದ್ದಳು. ಅವನು ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿದ್ದನಲ್ಲ ಎಂದು ಆಗ ಒಂದು ಗಳಿಗೆ ಅನಿಸಿತು. ಅಲ್ಲಿಗೆ ಬಿಟ್ಟೆ.

ಮಂಗಳವಾರ ಬೆಳಗ್ಗೆ ಚಿತ್ರಗಳನ್ನು ಆರಿಸಲು ಕುಳಿತೆ. ಒಟ್ಟು ಇನ್ನೂರ ಹನ್ನೆರಡು. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವನ್ನೂ ಹೆಬ್ಬೆರಳಿನ ಉಗುರಿನಷ್ಟಾಗಿ ಹರಡಿ, ಮೊದಲು ಕಣ್ಣು ಮುಚ್ಚಿದವನ್ನು ಹೆಕ್ಕಿ ಹಾಕುವುದು ನನ್ನ ಪದ್ಧತಿ. ಒಂದು ಕಣ್ಣಾಗಲಿ ಎರಡಾಗಲಿ, ಮುಚ್ಚಿತ್ತೆಂದರೆ ಹೊರಗೆ. ಬೇರೇನನ್ನೂ ನೋಡುವುದಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕೈ ಓಡುತ್ತದೆ. ಅವು ಹೋಗಿ ಬೀಳುವ ಜಾಗಕ್ಕೆ 'ಕಸ' ಎಂದು ಹೆಸರಿಟ್ಟಿದ್ದೇನೆ. ಕೆಲಸ ಪೂರ್ತಿಯಾಗಿ ಗಿರಾಕಿಯ ಕೈ ಸೇರಿದ ಮೇಲೆ ಅಳಿಸುತ್ತೇನೆ. ಅಂದು ಅರವತ್ತಮೂರು ಕಸಕ್ಕೆ ಹೋದವು.

ಉಳಿದ ನೂರ ನಲವತ್ತೊಂಬತ್ತನ್ನು ದೊಡ್ಡದು ಮಾಡಿ ಒಂದೊಂದಾಗಿ ನೋಡಿದೆ. ಗಂಡು ಗೋಡೆ ನೋಡುತ್ತಿದ್ದ, ದೀಪ ನೋಡುತ್ತಿದ್ದ, ಬಾಗಿಲು ನೋಡುತ್ತಿದ್ದ. ಮೊದಲ ಅರ್ಧದಲ್ಲಿ ಸ್ಟೂಲು ನೋಡುತ್ತಿದ್ದ. ಎರಡು ಕಣ್ಣೂ ಅಗಲವಾಗಿ ತೆರೆದಿದ್ದವು, ಪಾಸ್‌ಪೋರ್ಟಿಗೆ ತೆಗೆಸಿಕೊಂಡ ಹಾಗೆ. ಹುಡುಗಿಯ ಕಡೆಗೆ ಒಂದೂ ಇಲ್ಲ. ಎರಡನೇ ಸಲ ನೋಡಿದೆ. ಇಲ್ಲ.

ಕೇಳಿದ್ದಳು, ಹೇಳದೆ ಇರುವುದು ಹೇಗೆ? ಬುಧವಾರ ಫೋನ್ ಮಾಡಿದೆ.

"ಎಲ್ಲ ನೋಡಿದೆನಮ್ಮ. ಒಂದರಲ್ಲೂ ನಿನ್ನ ಕಡೆ ನೋಡಿಲ್ಲ."

ಆ ಕಡೆ ಯಾರೋ ಕೆಮ್ಮಿನ ಸಿರಪ್ಪು ಕೇಳುತ್ತಿದ್ದರು. ಅವಳು ಅವರಿಗೆ ದಿನಕ್ಕೆ ಮೂರು ಸಲ, ಊಟವಾದ ಮೇಲೆ ಎಂದು ನಿಧಾನವಾಗಿ ಹೇಳಿ, ಆಮೇಲೆ ನನಗೆ, "ಸರಿ ಬಿಡಿ ಮೇಡಂ. ಗೊತ್ತಾಯ್ತಲ್ಲ. ಶುಕ್ರವಾರ ಬರ್ತೀನಿ. ಅವರಿಬ್ಬರ ಎದುರಿಗೇ ಹೇಳಿಬಿಡ್ತೀನಿ," ಎಂದಳು.

ಫೋನ್ ಇಟ್ಟ ಮೇಲೆ ಮನಸ್ಸು ನಿಲ್ಲಲಿಲ್ಲ. ಆಡಿದ ಮಾತು ಒಡೆದ ಮುತ್ತು, ಕೂಡುವುದಿಲ್ಲ. ಅದೂ ಅಲ್ಲದೆ, ಏಳರ ಹತ್ತಿರ ಅವಳು ಸಿಕ್ಕಿಹಾಕಿಕೊಂಡಾಗ ಇವನು ಯಾಕೆ ಬಾಯಿ ಬಿಡಲಿಲ್ಲ? ಇಪ್ಪತ್ತರವರೆಗೆ ಹೇಳಲು ತುದಿಗಾಲಲ್ಲಿ ನಿಂತಿದ್ದವನು. ಆ ಪ್ರಶ್ನೆ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡಿತು. ಗುರುವಾರ ಮಧ್ಯಾಹ್ನ, ಎಷ್ಟೋ ವರ್ಷದಿಂದ ನಿಂತುಹೋಗಿದ್ದ ನಮ್ಮಪ್ಪನ ಕೈಗಡಿಯಾರವನ್ನು ನೆಪ ಮಾಡಿಕೊಂಡು ಅವನ ಅಂಗಡಿಗೆ ಹೋದೆ.

ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಜಾಗ. ಗೋಡೆಯ ಮೇಲೆ ಇಪ್ಪತ್ತೈದು ಮೂವತ್ತು ಗಡಿಯಾರ, ಒಂದರ ಮಾತು ಒಂದಕ್ಕಿಲ್ಲ.

"ಬನ್ನಿ ಫೋಟೋದಮ್ಮ. ಏನಾಗಿದೆ ಇದಕ್ಕೆ?"

"ನಿಂತಿದೆ. ಅಪ್ಪಂದು."

ಅವನು ಗಡಿಯಾರವನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದ. ನಾನು ಅವನ ಕೈಗಳನ್ನು ನೋಡಿದೆ. ಸೋಮವಾರ ನನ್ನ ಪರದೆಯ ಮುಂದೆ ದಿಕ್ಕುಗೆಟ್ಟಿದ್ದ ಕೈಗಳು ಇವೇನಾ? ಯಾವ ಬೆರಳು ಎಲ್ಲಿರಬೇಕೋ ಅಲ್ಲಿತ್ತು. ಒಂದು ಪುಟ್ಟ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದ. ಎಡಗಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು.

"ಯಾರೋ ಇದನ್ನ ಬಲವಂತವಾಗಿ ತೆಗೆದಿದ್ದಾರೆ."

"ನಾನೇ. ಅಡುಗೆಮನೆ ಚಾಕುಲಿ."

"ಅಯ್ಯೋ ಪಾಪ," ಎಂದ. ನನಗಲ್ಲ, ಗಡಿಯಾರಕ್ಕೆ.

ಅವನ ಆ ಭಂಗಿ ನನ್ನ ಕಣ್ಣಿಗೆ ಹಿಡಿಸಿತು. ಅವನನ್ನು ಕೇಳಿಕೊಂಡು ಫೋನಿನಲ್ಲೇ ಒಂದು ಚಿತ್ರ ತೆಗೆದುಕೊಂಡೆ. ಅವನು ಕತ್ತೆತ್ತಲೂ ಇಲ್ಲ. ಸ್ವಲ್ಪ ಹೊತ್ತಿಗೆ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಮುಚ್ಚಿದ್ದ ಕಣ್ಣು ಮಾಮೂಲಿಯಾಗಿ ತೆರೆದುಕೊಂಡಿತು.

"ಮೊನ್ನೆ ನಿಮಗೆ ಕಷ್ಟ ಆಯ್ತೇನೋ," ಎಂದೆ.

"ನಿಂತ್ಕೊಳ್ಳೋದು ಕಷ್ಟ ಆಯ್ತು. ಆಮೇಲೆ ಆ ಮಗ್ಗಿ ಚೆನ್ನಾಗಿತ್ತು."

"ನಿಮಗೆ ಅದು ನೀರು ಕುಡಿದಷ್ಟು ಸಲೀಸು ಬಿಡಿ."

"ನಂದಲ್ಲ. ಅವರದು. ಏಳರ ಹತ್ರ ನಿಂತ್ರಲ್ಲ, ನಿಂತು ಮೇಲೆ ನೋಡಿದ್ರು. ಕೆಳತುಟಿ ಹಲ್ಲಲ್ಲಿ ಹಿಡ್ಕೊಂಡ್ರು. ಎಡಗೈ ಬೆರಳಲ್ಲಿ ಎಣಿಸಿದ್ರು, ಉಂಗುರದ ಬೆರಳು ಒಂದನ್ನ ಬಿಟ್ಟೇ ಎಣಿಸ್ತಾರೆ ಅವರು, ಅದಕ್ಕೇ ತಪ್ಪಿದ್ದು. ಎರಡನೇ ಸಲ ಬಿಡಲಿಲ್ಲ."

"ಹೇಳಿಕೊಡಬಹುದಿತ್ತಲ್ಲ?"

"ನಾನು ಹೇಳಿಬಿಟ್ರೆ ಅವರು ಎಣಿಸೋದು ನಿಂತುಹೋಗುತ್ತಲ್ಲ."

ಹೀಗೆನ್ನುವಾಗ ಅವನು ನನ್ನನ್ನಾಗಲಿ ಗಡಿಯಾರವನ್ನಾಗಲಿ ನೋಡುತ್ತಿರಲಿಲ್ಲ. ಖಾಲಿ ಜಾಗದಲ್ಲಿ ಅವಳನ್ನು ನಿಲ್ಲಿಸಿಕೊಂಡು ನೋಡುತ್ತಿದ್ದ. ಭೂತಗನ್ನಡಿ ಮೇಜಿನ ಮೇಲೇ ಇತ್ತು. ಆದರೂ ಅವನ ಎಡಗಣ್ಣು ಗಟ್ಟಿಯಾಗಿ ಮುಚ್ಚಿತ್ತು.

ಗಡಿಯಾರ ಅಲ್ಲೇ ಬಿಟ್ಟು ಸ್ಟುಡಿಯೋಗೆ ಓಡಿದೆ. ಈ ವಯಸ್ಸಿನಲ್ಲಿ ಓಡುವುದನ್ನು ಓಟ ಎನ್ನುವ ಹಾಗಿದ್ದರೆ. 'ಕಸ' ತೆರೆದು ಅರವತ್ತಮೂರನ್ನೂ ದೊಡ್ಡದು ಮಾಡಿದೆ. ಕೆಲವು ಅವಳು ರೆಪ್ಪೆ ಬಡಿದವು, ಕೆಲವು ಅವನು ಬಡಿದವು. ಇಪ್ಪತ್ತೆಂಟರಲ್ಲಿ ಅವನ ಎಡಗಣ್ಣು ಒಂದೇ ಮುಚ್ಚಿತ್ತು. ಆ ಇಪ್ಪತ್ತೆಂಟರಲ್ಲೂ ಮುಖ ಅವಳ ಕಡೆ. ಕತ್ತು ತುಸು ಮುಂದೆ, ತುಟಿ ಸಡಿಲ, ಒಂದು ಕೈ ಅವಳು ಎಣಿಸುತ್ತಿದ್ದ ಬೆರಳುಗಳ ಕೆಳಗೆ, ಏನಾದರೂ ಉದುರಿದರೆ ಹಿಡಿಯುವವನ ಹಾಗೆ. ಆ ಕೈಯನ್ನು ಅಲ್ಲಿಡು ಎಂದು ನಾನು ಹೇಳಿರಲಿಲ್ಲ. ನನ್ನ ಮೂವತ್ತು ವರ್ಷದ ಪದ್ಧತಿ, ಹುಡುಗಿ ಕೇಳಿದ್ದ ಚಿತ್ರಗಳನ್ನೇ ಆರಿಸಿ ಆರಿಸಿ ಕಸಕ್ಕೆ ಹಾಕಿತ್ತು.

ಅವಳಿಗೆ ಫೋನ್ ಮಾಡಲು ಕೈ ಹೋಯಿತು. ಒಮ್ಮೆ ನನ್ನ ಬಾಯಿ ನಂಬಿ ಕೆಟ್ಟಿದ್ದಳು, ಇನ್ನೊಮ್ಮೆ ಯಾಕೆ ನಂಬಬೇಕು? 'ನನ್ನಿಂದ ತಪ್ಪಾಗಿದೆ. ನಾಳೆ ನೀನೇ ನೋಡುವವರೆಗೆ ಏನೂ ಹೇಳಬೇಡ' ಎಂದು ಮೆಸೇಜು ಕಳಿಸಿದೆ.

ಶುಕ್ರವಾರ ಮೂವರೂ ಬಂದರು. ಅಕ್ಕ ಕಂಪ್ಯೂಟರಿಗೆ ಹತ್ತಿರದ ಕುರ್ಚಿ ಹಿಡಿದಳು, ತಮ್ಮ ಅವಳ ಹಿಂದೆ ನಿಂತ. ಹುಡುಗಿ ಬಾಗಿಲಿಗೆ ಹತ್ತಿರ, ಚೀಲವನ್ನು ತೊಡೆಯ ಮೇಲಿಂದ ಇಳಿಸದೆ ಕುಳಿತಳು.

ನಾನು ಮೊದಲು ಅಂಗಡಿಯಲ್ಲಿ ತೆಗೆದ ಚಿತ್ರ ತೋರಿಸಿದೆ. ನಮ್ಮಪ್ಪನ ಗಡಿಯಾರದ ಮೇಲೆ ಬಗ್ಗಿದ ಮುಖ, ಮುಚ್ಚಿದ ಎಡಗಣ್ಣು.

"ಇದ್ಯಾಕೆ? ನಮ್ಮ ಹುಡುಗ ಗಡಿಯಾರನ ಮದುವೆ ಆಗ್ತಿದ್ದಾನಾ?" ಎಂದಳು ಅಕ್ಕ.

ಮುಂದಿನದನ್ನು ತೆರೆದೆ. ಅದೇ ಮುಖ, ಅದೇ ಮುಚ್ಚಿದ ಕಣ್ಣು. ಎದುರಿಗೆ ಗಡಿಯಾರದ ಬದಲು ಮೇಲೆ ನೋಡುತ್ತ ತುಟಿ ಕಚ್ಚಿಕೊಂಡ ಹುಡುಗಿ. ಆಮೇಲೆ ಇನ್ನೊಂದು. ಇನ್ನೊಂದು.

ಹುಡುಗಿ ಎದ್ದು ಬಂದಳು. ಚೀಲ ಕುರ್ಚಿಯಲ್ಲೇ ಉಳಿಯಿತು. "ಇದು ಯಾವಾಗ?"

"ನೀನು ಏಳರ ಹತ್ರ ನಿಂತಾಗ."

"ಇದು?"

"ಇನ್ನೂ ಏಳರ ಹತ್ರಾನೇ ನಿಂತಿದ್ದೆ."

ಅವಳು ಮತ್ತೆ ಮೊದಲಿಂದ ತೋರಿಸಿ ಎಂದಳು. ತೋರಿಸಿದೆ. ಓದಲಾಗದ ಚೀಟಿಯೊಂದು ಕೊನೆಗೂ ಓದಿಸಿಕೊಂಡಾಗ ಹೀಗೇ ಮುಖ ಹತ್ತಿರ ತರುತ್ತಾಳೇನೋ. ಗಂಡು ಕಿವಿಯವರೆಗೆ ಕೆಂಪಾಗಿ ನೆಲ ನೋಡಿದ. ಅವಳು ನನ್ನ ಕಡೆ ಬಗ್ಗಿ, ನನಗಷ್ಟೇ ಕೇಳುವ ಹಾಗೆ, "ನೋಡಿದ್ದಾರೆ ಮೇಡಂ. ಸರಿ. ಆದ್ರೆ ಆ ಹೂಂ?" ಎಂದಳು.

ಅದಕ್ಕೆ ನನ್ನ ಹತ್ತಿರ ಚಿತ್ರವಿರಲಿಲ್ಲ.

"ಜೋಡಿ ಚೆನ್ನಾಗಿದೆ," ಎಂದಳು ಅಕ್ಕ, ನಾಲ್ಕನೆಯದಕ್ಕೆ ಬೆರಳಿಟ್ಟು. "ಹುಡುಗಿ ದೀಪದ ಹಾಗಿದ್ದಾಳೆ. ಇದನ್ನೇ ಕಾರ್ಡಿಗೆ ಹಾಕೋಣ. ಆದ್ರೆ ಇವನ ಕಣ್ಣು..." ಅವಳ ದನಿ ಇಳಿಯಿತು. "ಹನ್ನೊಂದು ವರ್ಷಕ್ಕೇ ಅಂಗಡೀಲಿ ಕೂರಿಸಿದ್ವಿ ಇವನನ್ನ. ಆವಾಗಿಂದ ಬಂದಿದ್ದು ಈ ಚಾಳಿ. ಬೀದಿ ಹುಡುಗರೆಲ್ಲ ಒಂಟಿಗಣ್ಣ, ಒಂಟಿಗಣ್ಣ ಅಂತ ಹಿಂದೆ ಬೀಳೋರು. ನಾನು ಪೊರಕೆ ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗ್ತಿದ್ದೆ. ಕಣ್ಣು ಬಿಡೋ, ಕಣ್ಣು ಬಿಡೋ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ಈಗ ಕಾರ್ಡಲ್ಲಿ ಇದನ್ನೇ ಊರಿಗೆಲ್ಲ ಹಂಚ್ಲಾ? ನೀವು ಬೇರೆ ಫೋಟೋದಿಂದ ತೆರೆದ ಕಣ್ಣು ತೆಗೆದು ಇದಕ್ಕೆ ಅಂಟಿಸಕ್ಕಾಗಲ್ವಾ?"

ಆಗುತ್ತದೆ. ಹತ್ತು ನಿಮಿಷದ ಕೆಲಸ. ಎಷ್ಟೋ ಮದುಮಕ್ಕಳಿಗೆ ಮಾಡಿಕೊಟ್ಟಿದ್ದೇನೆ, ಯಾರಿಗೂ ತಿಳಿದಿಲ್ಲ. ಅಕ್ಕನ ಮಾತಿನಲ್ಲಿ ಕೆಟ್ಟದ್ದೂ ಇರಲಿಲ್ಲ. ಪೊರಕೆ ಹಿಡಿದು ಓಡಿದವಳು ಇನ್ನೂ ಓಡುತ್ತಲೇ ಇದ್ದಳು.

"ಕಣ್ಣು ಅವರದು. ಅವರು ಹೂಂ ಅಂದ್ರೆ ಮಾಡ್ತೀನಿ," ಎಂದೆ.

"ಅವನೇನಂತಾನೆ? ಹೇಳೋ, ಹಾಕಿಸೋಣ ಅಂತ."

ಹುಡುಗಿ ಪರದೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ನಾನೂ ನೋಡಿದೆ. ಅವನ ತುಟಿ ಹೂಂ ಎನ್ನುವ ಆಕಾರಕ್ಕೆ ಬಂದಿತ್ತು, ಇಪ್ಪತ್ಮೂರು ವರ್ಷದ ಅಭ್ಯಾಸ. ಅಲ್ಲಿ ಒಂದು ಉಸಿರು ತೆಗೆದುಕೊಂಡ. ಆಮೇಲೆ ಅಕ್ಕನ ಕುರ್ಚಿಯ ಹಿಂದಿನಿಂದ ಕೈ ಚಾಚಿ, ನನ್ನ ಕೈಕೆಳಗಿದ್ದ ಮೌಸನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ಅದರ ಮೇಲೆ ಅಂಗೈ ಮುಚ್ಚಿ ಹಿಡಿದ.

"ಇಲ್ಲ ಅಕ್ಕ," ಎಂದ. "ಅದನ್ನ ಯಾರೂ ಮುಟ್ಟೋ ಹಾಗಿಲ್ಲ."